ಮುಟ್ಟದ ತಟ್ಟೆ

ಹಾರ್ಲನ್ ಕ್ರೀಕ್, ಒಹಾಯೊ
9 ಸೆಪ್ಟೆಂಬರ್ 1984

ಪ್ರಿಯ ಹೆಸ್ಟರ್ ಮೇಡಂ,

ನೀವು ನಿವೃತ್ತರಾಗಿ ಬಿಟ್ಟುಹೋದ ಲ್ಯಾಬಿನ ಬೀಗದಕೈ ಈಗ ನನ್ನ ಜೇಬಿನಲ್ಲಿದೆ. ಫೋನ್ ಮಾಡಿದರೆ ನಿಮಗೆ ಕೇಳಿಸುವುದಿಲ್ಲ, ಜೋರಾಗಿ ಕೂಗಿದರೆ ಬೈಯುತ್ತೀರಿ. ಹಾಗಾಗಿ ಕಾಗದವೇ ಗತಿ. ನಿಮ್ಮ ದ್ವೀಪದ ದೋಣಿಯವನು ಇದನ್ನು ಒದ್ದೆ ಮಾಡದೆ ತಲುಪಿಸಲಿ.

ಮೊದಲ ವಾರ ಮುಗಿಯಿತು. ನೀವು ಹೇಳಿದ್ದು ನಿಜ, 'ಬಯಾಲಜಿ ನೂರು' ತರಗತಿಗೆ ಇಷ್ಟಪಟ್ಟು ಬಂದವರು ಒಬ್ಬರೂ ಇಲ್ಲ. ಡಿಗ್ರಿ ಬೇಕಾದರೆ ಒಂದಾದರೂ ವಿಜ್ಞಾನದ ಲ್ಯಾಬ್ ಪಾಸಾಗಲೇಬೇಕು ಎಂಬ ನಿಯಮಕ್ಕೆ ಸಿಕ್ಕಿಬಿದ್ದವರೇ ಎಲ್ಲರೂ. ಸಂಗೀತ, ನಾಟಕ, ಇತಿಹಾಸ, ವ್ಯಾಪಾರ ಓದುವ ಹುಡುಗರು ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ ಸ್ಟೂಲಿನ ತುದಿಯಲ್ಲಿ ಕೂರುತ್ತಾರೆ. ಕರ್ಟಿಸ್ ಬೀಮರ್ ಅಂತ ಒಬ್ಬನಿದ್ದಾನೆ, ಕುಸ್ತಿ ತಂಡದವನು, ಕುತ್ತಿಗೆ ಎಲ್ಲಿ ಶುರುವಾಗುತ್ತದೋ ಗೊತ್ತಾಗುವುದಿಲ್ಲ. ಮೊದಲ ದಿನವೇ ಕೈಯೆತ್ತಿದ.

"ಸಾರ್, ನಾನು ನಮ್ಮಪ್ಪನ ಟೈರ್ ಅಂಗಡಿ ನೋಡ್ಕೊಳ್ಳೋನು. ಟೈರ್‌ಗೂ ಜೀವಕೋಶಕ್ಕೂ ಏನ್ ಸಂಬಂಧ?"

"ಎರಡೂ ತೂತು ಬಿದ್ರೆ ಕೆಲಸಕ್ಕೆ ಬರಲ್ಲ" ಅಂದೆ. ಎಲ್ಲರೂ ನಕ್ಕರು. ಅಲ್ಲಿಗೆ ತರಗತಿ ನನ್ನ ಕೈಗೆ ಬಂತು ಅಂತಲೇ ಲೆಕ್ಕ.

ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಪಾಠದ ಕ್ರಮವನ್ನು ನಾನು ತಲೆಕೆಳಗು ಮಾಡುತ್ತಿದ್ದೇನೆ. ಆಲೂಗಡ್ಡೆಗೆ ಅಯೋಡಿನ್ ಹಾಕಿ ನೀಲಿಯಾಯಿತು ನೋಡಿ ಅಂದರೆ ಇವರು ಆಕಳಿಸುತ್ತಾರೆ. ಇವರಿಗೆ ಬೇಟೆ ಬೇಕು. ಪ್ರತಿಯೊಬ್ಬನ ಕೈಗೂ ಒಂದು ಹತ್ತಿಕಡ್ಡಿ, ಸೂಕ್ಷ್ಮಜೀವಿ ಬೆಳೆಯಲೆಂದು ಅಗರ್ ಲೋಳೆ ಹಾಕಿದ ಒಂದು ಗಾಜಿನ ತಟ್ಟೆ ಕೊಡುತ್ತೇನೆ. ಕಾಲೇಜಿನಲ್ಲಿ ಎಲ್ಲಿ ಬೇಕಾದರೂ ಒರೆಸಿ, ಕಡ್ಡಿಯನ್ನು ತಟ್ಟೆಗೆ ಸವರಿ ತರಲಿ. ಕಾವು ಪೆಟ್ಟಿಗೆಯಲ್ಲಿಟ್ಟು, ಯಾವ ಜಾಗ ಎಷ್ಟು ಕೊಳಕು ಅಂತ ಅವರೇ ಕಂಡುಹಿಡಿಯಲಿ. ಆಮೇಲೆ ವಿಜ್ಞಾನ ಬೇಡ ಅನ್ನುವವನು ಎಲ್ಲಿ ಸಿಗುತ್ತಾನೆ, ನೋಡೋಣ.

ನಿಮ್ಮ ವಿಶ್ವಾಸಿ,
ವೆಂಡೆಲ್ ಕ್ರೂಸ್

*

ಗನೆಟ್ ದ್ವೀಪ, ಮೇನ್
18 ಸೆಪ್ಟೆಂಬರ್ 1984

ಪ್ರಿಯ ವೆಂಡೆಲ್,

ಕಾಗದ ಒಣಗಿಯೇ ಬಂತು. ಒದ್ದೆಯಾಗಿದ್ದು ನಾನು. ದೋಣಿಕಟ್ಟೆಯಲ್ಲಿ ಸೌದೆ ಇಳಿಸಿಕೊಳ್ಳುವಾಗ ಅಲೆ ಬಡಿಯಿತು.

ಪಾಠದ ಕ್ರಮ ಬದಲಿಸಿದ್ದಕ್ಕೆ ಬೇಜಾರಿಲ್ಲ. ಆ ಆಲೂಗಡ್ಡೆ ನನಗೂ ಸಾಕಾಗಿ ಹೋಗಿತ್ತು. ಆದರೆ ಬೇಟೆ ಅನ್ನುವ ಮಾತು ನನಗೆ ಹಿಡಿಸಲಿಲ್ಲ. ಬೇಟೆಗೆ ಹೋದವನಿಗೆ ಏನಾದರೂ ಹೊಡೆಯದೆ ವಾಪಸ್ ಬರಲು ನಾಚಿಕೆಯಾಗುತ್ತದೆ.

ಎರಡು ಮಾತು ಹೇಳಿ ಸುಮ್ಮನಾಗುತ್ತೇನೆ. ಅಗರ್ ಬೇಯಿಸಿ ಅದರಲ್ಲಿರುವ ಕ್ರಿಮಿ ಕೊಲ್ಲುವ ಆ ಮುದಿ ಕುಕ್ಕರ್ ಒತ್ತಡ ಹಿಡಿಯುವುದಕ್ಕೆ ತುಂಬಾ ಹೊತ್ತು ತೆಗೆದುಕೊಳ್ಳುತ್ತದೆ, ಅದಕ್ಕೆ ಅವಸರ ಮಾಡಬೇಡ. ಕಾವು ಪೆಟ್ಟಿಗೆಯ ಬಲ್ಬು ಮೇಲುಗಡೆ ಇದೆ, ಮೇಲಿನ ಅಂತಸ್ತು ಯಾವಾಗಲೂ ಹೆಚ್ಚು ಬಿಸಿ.

ಇನ್ನೊಂದು. ಎಲ್ಲರಿಗೂ ತಟ್ಟೆ ಕೊಡುತ್ತೇನೆ ಅಂತ ಬರೆದಿದ್ದೀಯ. ಯಾರಿಗೂ ಕೊಡದ ತಟ್ಟೆಯ ಮಾತೇ ನಿನ್ನ ಕಾಗದದಲ್ಲಿಲ್ಲ. ಅದು ಎಲ್ಲಿ?

ಹೆಸ್ಟರ್ ಪ್ರೌಟಿ

*

ಹಾರ್ಲನ್ ಕ್ರೀಕ್
6 ಅಕ್ಟೋಬರ್ 1984

ಪ್ರಿಯ ಹೆಸ್ಟರ್ ಮೇಡಂ,

ನಿಮ್ಮ ಪ್ರಶ್ನೆಗೆ ಮೊದಲು ಉತ್ತರ: ಒಂದು ತಟ್ಟೆಯೂ ದಂಡವಾಗಲಿಲ್ಲ. ಅಗರ್ ಪುಡಿಯ ಬೆಲೆ ನನಗೂ ಗೊತ್ತು. ಹುಯ್ದಷ್ಟೂ ತಟ್ಟೆಗಳನ್ನು ಹಂಚಿಬಿಟ್ಟೆ, ಮಿಕ್ಕಿದ್ದನ್ನು ಎರಡನೇ ಸುತ್ತಿಗೆ ಹೋದವರಿಗೆ ಕೊಟ್ಟೆ. ಉಳಿತಾಯದಲ್ಲಿ ನಾನು ನಿಮ್ಮ ಶಿಷ್ಯನೇ.

ಈಗ ಸುದ್ದಿ ಕೇಳಿ. ತಟ್ಟೆಗಳು ಹೂವಿನ ತೋಟದ ಹಾಗೆ ಬೆಳೆದವು. ಪೆಟ್ಟಿಗೆಯ ಬಾಗಿಲು ತೆಗೆದಾಗ ಹುಡುಗಿಯರು ಮೂಗು ಮುಚ್ಚಿಕೊಂಡು ಒಬ್ಬರ ಮೇಲೊಬ್ಬರು ಬಿದ್ದು ನೋಡಿದರು. ಆಕಳಿಕೆ ಒಂದೂ ಇಲ್ಲ. ಕರ್ಟಿಸ್ ಕೂಡ ಬಾಯಿ ಮುಚ್ಚಿಕೊಂಡು ತನ್ನ ತಟ್ಟೆಯನ್ನೇ ದಿಟ್ಟಿಸುತ್ತಿದ್ದ. ಅವನು ಒರೆಸಿದ್ದು ಲೈಬ್ರರಿಯ ಬಾಗಿಲ ಹಿಡಿ. ಕೊಳಕಿನಲ್ಲಿ ಅದಕ್ಕೆ ಎರಡನೇ ಸ್ಥಾನ. ಲೈಬ್ರರಿಯವರು ಈಗ ಬೆಳಿಗ್ಗೆ ಸಂಜೆ ಹಿತ್ತಾಳೆ ಉಜ್ಜುತ್ತಿದ್ದಾರೆ.

ಮೊದಲ ಸ್ಥಾನ ಯಾವುದಕ್ಕೆ ಅಂತ ಊಹಿಸಲೂ ಆರಿರಿ. ಊಟದ ಹಾಲಿನ ಸಲಾಡ್ ಕೌಂಟರ್! ಅಲ್ಲಿ ಒರೆಸಿದ ತಟ್ಟೆಯಲ್ಲಿ ಬೆಳೆ ಎಷ್ಟು ದಟ್ಟವಾಗಿತ್ತೆಂದರೆ ಎಣಿಸುವುದನ್ನೇ ಬಿಟ್ಟೆವು. ಒರೆಸಿದವಳು ಪ್ಯಾಟ್ರಿಸ್ ಲೂಮಿಸ್, ವಿದ್ಯಾರ್ಥಿಗಳ ವಾರಪತ್ರಿಕೆ ನಡೆಸುವವಳು. ಸುಮ್ಮನಿರುತ್ತಾಳೆಯೇ? 'ಸಲಾಡ್ ತಿನ್ನುವುದಕ್ಕಿಂತ ಬಾಗಿಲ ಹಿಡಿ ನೆಕ್ಕುವುದು ಮೇಲು' ಅಂತ ಮೊದಲ ಪುಟದಲ್ಲೇ ಹಾಕಿದಳು. ಜೊತೆಗೆ ನನ್ನ ಫೋಟೊ, ಕೈಯಲ್ಲಿ ತಟ್ಟೆ. ಡೀನ್ ಗ್ಯಾರೆಟ್ ನಡುದಾರಿಯಲ್ಲಿ ನಿಲ್ಲಿಸಿ ಬೆನ್ನು ತಟ್ಟಿದರು.

"ನೋಡ್ರಿ ವೆಂಡೆಲ್, ಈ ಲ್ಯಾಬ್ ಬಗ್ಗೆ ಜನ ಮಾತಾಡಿದ್ದು ಇದೇ ಮೊದಲು. ನಿಮ್ಮಂಥೋರು ಒಂದು ವರ್ಷಕ್ಕೆ ಬಂದು ಹೋದ್ರೆ ಹೇಗೆ? ಖಾಯಂ ಮಾಡೋ ಬಗ್ಗೆ ಕೂತು ಮಾತಾಡೋಣ."

ಕೌಂಟರ್ ನೋಡಿಕೊಳ್ಳುವ ಇರ್ಮಾ ಕೊಲಾರ್ ಅನ್ನುವಾಕೆಯನ್ನು ಅಡುಗೆ ಗುತ್ತಿಗೆಯವರು ಸದ್ಯಕ್ಕೆ ಮನೆಗೆ ಕಳಿಸಿದ್ದಾರಂತೆ. ಪಾಪ ಅನ್ನಿಸಿತು. ಆದರೆ ಆರೋಗ್ಯದ ವಿಷಯದಲ್ಲಿ ಪಾಪ ಪುಣ್ಯ ನೋಡುತ್ತ ಕೂರಲಾಗುವುದಿಲ್ಲ.

ನಿಮ್ಮ ಹೆಮ್ಮೆಯ ಶಿಷ್ಯ,
ವೆಂಡೆಲ್

*

ಗನೆಟ್ ದ್ವೀಪ
13 ಅಕ್ಟೋಬರ್ 1984

ವೆಂಡೆಲ್,

ಆ ಪತ್ರಿಕೆ ನಿನ್ನ ಕಾಗದಕ್ಕಿಂತ ಮೊದಲೇ ನನಗೆ ಬಂದು ತಲುಪಿದೆ. ಫೋಟೊದಲ್ಲಿ ಟೈ ಸರಿಯಾಗಿದೆ.

ಒಂದು ಕೆಲಸ ಮಾಡು. ಎಲ್ಲ ತಟ್ಟೆಗಳನ್ನೂ ಮೇಜಿನ ಮೇಲೆ ಸಾಲಾಗಿಡು, ಹೆಸರಿನ ಚೀಟಿ ಕಾಣದ ಹಾಗೆ. ಪ್ರತಿಯೊಂದರಲ್ಲಿ ಬೆಳೆದದ್ದರ ಬಣ್ಣ ಯಾವುದು, ಅಂಚು ಹೇಗಿದೆ, ಮೇಲ್ಮೈ ನಯವೋ ಸುಕ್ಕೋ, ವಾಸನೆ ಏನು, ಇಷ್ಟನ್ನು ನನಗೆ ಬರೆದು ಕಳಿಸು. ಯಾವುದು ಎಷ್ಟು ಕೊಳಕು ಅನ್ನುವುದು ಬೇಡ. ಕಂಡದ್ದನ್ನು ಮಾತ್ರ ಬರೆ.

ಇಲ್ಲಿ ಗಾಳಿ ಎದ್ದಿದೆ. ದೋಣಿ ಯಾವಾಗ ಹೊರಡುತ್ತದೋ ಹೇಳಲು ಬರುವುದಿಲ್ಲ.

ಹೆಸ್ಟರ್ ಪ್ರೌಟಿ

*

ಹಾರ್ಲನ್ ಕ್ರೀಕ್
20 ಅಕ್ಟೋಬರ್ 1984

ಪ್ರಿಯ ಹೆಸ್ಟರ್ ಮೇಡಂ,

ನಿಮ್ಮಿಂದ ಕಾಗದವಿಲ್ಲ. ಸುಮ್ಮನಿದ್ದೀರಿ ಅಂದರೆ ಬೈಯಲು ಏನೂ ಸಿಕ್ಕಿಲ್ಲ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಡೀನ್ ಖಾಯಂ ಕೆಲಸದ ಮಾತನ್ನು ಮತ್ತೆ ಎತ್ತಿದರು. ನನಗೆ ಈ ಕೆಲಸ ಬೇಕು ಮೇಡಂ. ಪ್ರತಿ ಬೇಸಿಗೆ ಪೆಟ್ಟಿಗೆ ಕಟ್ಟಿ ಊರು ಬದಲಿಸಿ ನನಗೆ ಸಾಕಾಗಿದೆ.

ಒಂದು ಸಂಗತಿ ಮಾತ್ರ ಮನಸ್ಸಿಗೆ ಸ್ವಲ್ಪ ಕಸಿವಿಸಿ ಮಾಡಿದೆ. ಮಂಗಳವಾರ ಆ ಇರ್ಮಾ ಕೊಲಾರ್ ಲ್ಯಾಬಿಗೆ ಬಂದಿದ್ದರು. ಅಗಲ ಮುಖದ, ಗಟ್ಟಿ ಹೆಂಗಸು. ಚರ್ಚಿಗೆ ಹೋಗುವ ಕೋಟು ಹಾಕಿಕೊಂಡು ಬಂದಿದ್ದರು. ಕೂರಿ ಅಂದರೆ ಕೂರಲಿಲ್ಲ.

"ಆ ತಟ್ಟೆ ತೋರಿಸ್ತೀರಾ ಸಾರ್?"

ತೋರಿಸಿದೆ. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದು ನನ್ನ ಕೌಂಟರಿಂದ ಬಂದದ್ದೋ?"

"ಹೌದು."

"ನಾನು ಬ್ಲೀಚ್ ಹಾಕಿ ಒರೆಸಿದ್ಮೇಲೆ ಬಂದದ್ದೋ, ಅದಕ್ಕಿಂತ ಮುಂಚೆನೋ?"

"ಯಾವಾಗಾದ್ರೂ ಅಷ್ಟೇ. ಇಷ್ಟು ಬೆಳೆದಿದೆ ಅಂದ್ರೆ ಬ್ಲೀಚ್ ಸರಿಯಾಗಿ ಬಿದ್ದಿಲ್ಲ ಅಂತ ಅರ್ಥ. ತಟ್ಟೆ ಸುಳ್ಳು ಹೇಳಲ್ಲ."

"ತಟ್ಟೆಗೆ ಬಾಯೆಲ್ಲಿದೆ ಸಾರ್? ಹೇಳಿದ್ದು ನೀವು." ತಟ್ಟೆಯನ್ನು ನನ್ನ ಕೈಗೇ ವಾಪಸ್ ಕೊಟ್ಟರು. "ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದ್ಮೇಲೆ, ಬರೋ ತಿಂಗಳ ಕೊನೇಲಿ, ನನ್ನ ಹೆಸರು ಕೆಲಸದ ಪಟ್ಟಿಯಿಂದ ತೆಗೀತಾರಂತೆ. ನನ್ನ ಚರ್ಚಲ್ಲಿ, ನಾನು ಮಾಡಿಟ್ಟ ಸೌತೆಕಾಯಿ ಪಚಡಿನ ಮೊನ್ನೆ ಯಾರೂ ಮುಟ್ಲಿಲ್ಲ. ಕೆಲಸ ಹೋದ್ರೆ ಇನ್ನೊಂದು ಹುಡುಕ್ಬೋದು. ಇದನ್ನ ಎಲ್ಲಿ ಅಂತ ಹುಡುಕ್ಲಿ?"

ನಾನು ಸಮಾಧಾನವಾಗಿಯೇ ಮಾತಾಡಿದೆ. ಇದರಲ್ಲಿ ವೈಯಕ್ತಿಕವಾದದ್ದೇನೂ ಇಲ್ಲ ಅಂತ ತಿಳಿಸಿ ಹೇಳಿದೆ. ಅವರು ತಲೆಯಾಡಿಸಿ ಹೋದರು. ನಾನು ಹೇಳಿದ್ದು ಸರಿಯೇ ಅಲ್ಲವೇ?

ನಿಮ್ಮ,
ವೆಂಡೆಲ್

*

ಹಾರ್ಲನ್ ಕ್ರೀಕ್
26 ಅಕ್ಟೋಬರ್ 1984

ಹೆಸ್ಟರ್ ಮೇಡಂ,

ನಿಮ್ಮ ಹದಿಮೂರನೇ ತಾರೀಖಿನ ಕಾಗದ ನಿನ್ನೆ ಸಿಕ್ಕಿತು. ಹೇಳಿದ ಹಾಗೆ ತಟ್ಟೆಗಳನ್ನು ಸಾಲಾಗಿಟ್ಟೆ, ಚೀಟಿಗಳನ್ನು ಕೆಳಗೆ ಮಾಡಿದೆ. ಬರೆಯಲು ಕೂತೆ. ಮೊದಲನೆಯದು: ಬೂದು ಬಿಳುಪು, ಹರಿದ ಅಂಚು, ಸುಕ್ಕು, ಮಣ್ಣಿನ ವಾಸನೆ. ಎರಡನೆಯದು: ಬೂದು ಬಿಳುಪು, ಹರಿದ ಅಂಚು, ಸುಕ್ಕು, ಮಣ್ಣಿನ ವಾಸನೆ. ಮೂರನೆಯದೂ ಅದೇ. ಬಾಗಿಲ ಹಿಡಿ, ಪಿಯಾನೊ, ಕುಸ್ತಿಯ ಚಾಪೆ, ಸಲಾಡ್ ಕೌಂಟರ್, ಎಲ್ಲದರಲ್ಲೂ ಒಂದೇ ಬೆಳೆ. ಕೊನೆಗೆ ಪೆನ್ನು ಕೆಳಗಿಟ್ಟು, ಇಡೀ ಕಾಲೇಜಿನಲ್ಲಿ ಒಂದೇ ಜಾತಿಯ ಬ್ಯಾಕ್ಟೀರಿಯಾ ಹರಡಿದೆ, ಇದೊಂದು ದೊಡ್ಡ ಸಂಶೋಧನೆಯೇ ಇರಬೇಕು ಅಂದುಕೊಂಡೆ. ನಗಬೇಡಿ. ನಿಜವಾಗಿಯೂ ಹಾಗೇ ಅಂದುಕೊಂಡೆ.

ಆಗ ಕರ್ಟಿಸ್ ಬಂದ. ಬಾಗಿಲು ಹಾಕಿಕೊಂಡು, ಅದಕ್ಕೆ ಬೆನ್ನು ಕೊಟ್ಟು ನಿಂತ.

"ಸಾರ್, ಒಂದ್ ವಿಷಯ. ನಾನು ಆ ಬಾಗಿಲ ಹಿಡಿ ಒರೆಸೇ ಇಲ್ಲ."

"ಏನಂದೆ?"

"ಅವತ್ತು ಪ್ರಾಕ್ಟೀಸ್‌ಗೆ ಲೇಟಾಗಿತ್ತು. ತಟ್ಟೆ ಮುಚ್ಚಳನೂ ತೆಗೀಲಿಲ್ಲ. 'ಲೈಬ್ರರಿ ಹಿಡಿ' ಅಂತ ಬರೆದು ಪೆಟ್ಟಿಗೆ ಮೇಲಿನ ಅಂತಸ್ತಲ್ಲಿ ಪ್ಯಾಟ್ರಿಸ್ ತಟ್ಟೆ ಪಕ್ಕ ತಳ್ಳಿಬಿಟ್ಟೆ. ಏನೂ ಬೆಳೆಯಲ್ಲ, ಹಿಡಿ ಕ್ಲೀನಾಗಿದೆ ಅಂತ ಬರೆದ್ರಾಯ್ತು ಅಂತಿದ್ದೆ. ನೋಡಿದ್ರೆ ಹಿಂಗ್ ಬೆಳೆದಿದೆ. ಎರಡನೇ ಸ್ಥಾನ ಬೇರೆ ಕೊಟ್ರಿ. ಬಾಯಿ ಬಿಡೋಕೆ ಧೈರ್ಯ ಬರ್ಲಿಲ್ಲ."

"ಮತ್ತೆ ಈಗ ಯಾಕೆ ಬಿಟ್ಟೆ?"

"ಪಂದ್ಯಕ್ಕೆ ಮುಂಚೆ ತೂಕ ಇಳಿಸೋ ದಿನಗಳಲ್ಲಿ ನಮ್ಮ ತಂಡದ ಹುಡುಗ್ರಿಗೆಲ್ಲ ಇರ್ಮಾನೇ ಗತಿ ಸಾರ್. ಊಟ ಬಿಟ್ಟು ತಲೆ ತಿರುಗಿ ಬೀಳೋ ಬದ್ಲು ಇದನ್ನಾದ್ರೂ ತಿನ್ನು ಅಂತ ಬೈದು ಬೈದು ಸೊಪ್ಪು ಹಾಕೋರು. ಇವತ್ತು ಬಸ್ ಸ್ಟಾಪಲ್ಲಿ ಸಿಕ್ಕಿದ್ರು. 'ಸರಿಯಾಗಿ ತಿಂತಿದ್ದೀಯಾ ಮರಿ?' ಅಂತ ನನ್ನೇ ಕೇಳಿದ್ರು." ಮೇಜಿನ ಹತ್ತಿರ ಬಂದ. "ಇದ್ರಲ್ಲಿ ಫೇಲಾದ್ರೆ ಕೋಚ್ ನನ್ನ ತಂಡದಿಂದ ತೆಗೀತಾರೆ, ಗೊತ್ತು. ಆದ್ರೂ ಕೇಳ್ತೀನಿ. ಯಾರೂ ಏನೂ ಮುಟ್ಟಿಸದೇ ಇರೋ ತಟ್ಟೇಲಿ ಹೆಂಗ್ ಸಾರ್ ಬೆಳೀತು?"

ಮೇಡಂ, ಆಮೇಲೆ ನಿಮ್ಮ ಹಳೆಯ ಕಾಗದವನ್ನು ತೆಗೆದು ಮತ್ತೆ ಓದಿದೆ. ನೀವು ಸೆಪ್ಟೆಂಬರಿನಲ್ಲೇ ಕೇಳಿದ್ದು ಇದನ್ನೇ. ಯಾರಿಗೂ ಕೊಡದೆ, ಏನೂ ಒರೆಸದೆ, ಉಳಿದವುಗಳ ಜೊತೆಯಲ್ಲೇ ಇಡಬೇಕಾದ ಒಂದು ತಟ್ಟೆ. ಅದರಲ್ಲೂ ಬೆಳೆದರೆ ತಪ್ಪು ಕಾಲೇಜಿನದಲ್ಲ, ಅಗರಿನದು. ನಾನು ಅದನ್ನು ಉಳಿತಾಯದ ಉಪದೇಶ ಅಂದುಕೊಂಡೆ. ಕುಕ್ಕರ್ ಒತ್ತಡಕ್ಕೆ ಬರುವುದನ್ನು ಕಾಯಲು ನನಗೆ ತಾಳ್ಮೆಯಿರಲಿಲ್ಲ, ಮರುದಿನ ತರಗತಿಯಿತ್ತು, ಬೇಗ ಇಳಿಸಿದೆ. ಮಣ್ಣಿನ ಬ್ಯಾಕ್ಟೀರಿಯಾ ಆ ಅಗರಿನೊಳಗೇ ಸಾಯದೆ ಉಳಿದಿತ್ತು. ಮೇಲಿನ ಅಂತಸ್ತಿನ ಬಿಸಿಗೆ ಎರಡು ತಟ್ಟೆಗಳಲ್ಲಿ ಉಳಿದವಕ್ಕಿಂತ ದಟ್ಟವಾಗಿ ಬೆಳೆಯಿತು. ಒಂದು ಕರ್ಟಿಸ್ ಮುಟ್ಟದ ತಟ್ಟೆ. ಇನ್ನೊಂದನ್ನು ಹಿಡಿದುಕೊಂಡು ನಾನು ಒಬ್ಬ ಹೆಂಗಸಿನ ಮಾನ ಕಳೆದೆ.

ನನಗೆ ನಾಚಿಕೆಯಾಗುತ್ತಿದೆ, ಸಿಟ್ಟೂ ಬರುತ್ತಿದೆ. ಸಿಟ್ಟು ಅರ್ಧ ನಿಮ್ಮ ಮೇಲೆ. ನಿಮಗೆ ಅನುಮಾನವಿತ್ತು. ನೇರವಾಗಿ ಯಾಕೆ ಹೇಳಲಿಲ್ಲ?

ಡೀನ್ ಸೋಮವಾರ ಖಾಯಂ ಕೆಲಸದ ಕಾಗದಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರಂತೆ. ಏನು ಮಾಡಲಿ, ಬರೆಯಿರಿ.

ವೆಂಡೆಲ್

*

ಹಾರ್ಲನ್ ಕ್ರೀಕ್
3 ನವೆಂಬರ್ 1984

ಪ್ರಿಯ ಹೆಸ್ಟರ್ ಮೇಡಂ,

ನಿಮ್ಮ ಉತ್ತರಕ್ಕೆ ಕಾಯಲಿಲ್ಲ. ಹಿಂದಿನ ಕಾಗದವನ್ನು ಅಂಚೆಗೆ ಹಾಕಿ ಮನೆಗೆ ನಡೆದು ಬರುವಷ್ಟರಲ್ಲಿ, ಏನು ಮಾಡಲಿ ಅಂತ ಕೇಳಿದ್ದಕ್ಕೇ ನನಗೆ ಹೇಸಿಗೆಯಾಯಿತು. ಏನು ಮಾಡಬೇಕು ಅಂತ ಗೊತ್ತಿದ್ದೂ ನಿಮ್ಮ ದೋಣಿಯ ಹಿಂದೆ ಅಡಗಿಕೊಳ್ಳಲು ನೋಡಿದ್ದೆ.

ಸೋಮವಾರ ಡೀನ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಸಹಿ ಹಾಕಬೇಕಾದ ಕಾಗದ ನಮ್ಮಿಬ್ಬರ ನಡುವೆಯೇ ಇತ್ತು. ಅವರು ಬೈಯಲಿಲ್ಲ, ಅದೇ ಕಷ್ಟವಾದದ್ದು.

"ಇಷ್ಟೇ ತಾನೆ? ಒಂದು ಸಾಲು ನನಗೆ ಬರೆದುಕೊಡಿ. ಗುತ್ತಿಗೆಯವರಿಗೆ ಹೇಳಿ ಆಕೇನ ಸದ್ದಿಲ್ಲದೆ ವಾಪಸ್ ಕರೆಸ್ತೀನಿ. ಪತ್ರಿಕೆ ಗಿತ್ರಿಕೆ ಯಾಕೆ ಬೇಕು?"

"ಕಳಿಸಿದ್ದು ಸದ್ದು ಮಾಡಿ ಅಲ್ವಾ ಸಾರ್?"

"ಮಕ್ಕಳನ್ನ ಕಳಿಸೋ ತಂದೆತಾಯಿ ಓದ್ತಾರೆ ಅದನ್ನ. ಅಗರ್ ಕುದಿಸೋಕೆ ಬರದ ಮೇಷ್ಟ್ರು ಅಂತ ಹೆಸರು ಬರುತ್ತೆ ನಿಮಗೆ."

"ಬರಲಿ. ಸದ್ಯಕ್ಕೆ ಅದು ನಿಜಾನೇ."

ಡೀನ್ ಕಾಗದವನ್ನು ನಿಧಾನವಾಗಿ ತಮ್ಮ ಕಡೆ ಎಳೆದುಕೊಂಡರು. "ಹಾಗಾದ್ರೆ ಇದನ್ನ ಮುಂದಿನ ವರ್ಷ ನೋಡೋಣ" ಅಂದರು. ಮುಂದಿನ ವರ್ಷ ನಾನು ಇಲ್ಲಿರುವುದಿಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ನಿನ್ನೆ ಪತ್ರಿಕೆ ಬಂತು, ಮೊದಲ ಪುಟದಲ್ಲೇ. 'ತಪ್ಪು ತಟ್ಟೆಯದಲ್ಲ, ಮೇಷ್ಟರದು.' ಬರೆದವನು ನಾನು, ಕೆಳಗೆ ನನ್ನ ಹೆಸರು. ಪ್ಯಾಟ್ರಿಸ್ ತನ್ನ ಹೆಸರನ್ನೂ ಸೇರಿಸಿದಳು. "ಆ ಹೆಡ್‌ಲೈನ್ ಬರೆದು ಎಷ್ಟು ಕುಣಿದಾಡಿದ್ದೆ ಸಾರ್ ನಾನು" ಅಂತ ಒಂದೇ ಸಮ ಅತ್ತಳು. ಕರ್ಟಿಸನಿಗೆ ಆ ಪ್ರಯೋಗಕ್ಕೆ ಸೊನ್ನೆ ಕೊಟ್ಟೆ, ಸುಳ್ಳು ಬರೆದವನಿಗೆ ಕೊಡಬೇಕಾದದ್ದೇ. ಮಿಕ್ಕದ್ದರಲ್ಲಿ ಬೆವರು ಸುರಿಸಿದರೆ ಪಾಸಾಗುತ್ತಾನೆ.

ಪತ್ರಿಕೆ ಹಿಡಿದುಕೊಂಡು ಇರ್ಮಾ ಅವರ ಮನೆಗೆ ಹೋದೆ. ಅಡುಗೆಮನೆಯಲ್ಲಿ ನಿಂತುಕೊಂಡೇ ಓದಿದರು, ಎರಡು ಸಲ ಓದಿದರು. ನಾನು ಕ್ಷಮೆ ಕೇಳಿದೆ. ಅವರು ಅದನ್ನು ಕೇಳಿಸಿಕೊಂಡರೋ ಇಲ್ಲವೋ ಗೊತ್ತಾಗಲಿಲ್ಲ.

"ನೀವು ತಪ್ಪು ಮಾಡಿದ್ರಿ ಅಂತ ಬರೆದಿದ್ದೀರಿ. ಒಳ್ಳೇದು. ನನ್ನ ಕೌಂಟರ್ ಕ್ಲೀನಾಗಿದೆ ಅಂತ ಇದ್ರಲ್ಲಿ ಎಲ್ಲಿದೆ?"

ಎಲ್ಲೂ ಇರಲಿಲ್ಲ.

"ಬನ್ನಿ, ಮತ್ತೆ ಒರೆಸಿ. ಸರಿಯಾಗಿ ಒರೆಸಿ. ನಾನು ನಿಂತು ನೋಡ್ತೀನಿ. ಕೊಳಕು ಬಂದ್ರೆ ಅದನ್ನೂ ಹಾಕಿ ಪೇಪರಲ್ಲಿ. ನನಗೇನೂ ಭಯ ಇಲ್ಲ."

ಸೋಮವಾರ ಶುರು ಮಾಡುತ್ತೇವೆ. ಭಯವಿರುವುದು ನನಗೆ. ಅಲ್ಲಿ ನಿಜವಾಗಿಯೂ ಏನಾದರೂ ಬೆಳೆದರೆ, ಅದನ್ನೂ ನಾನೇ ಬರೆಯಬೇಕು.

ವೆಂಡೆಲ್

*

ಗನೆಟ್ ದ್ವೀಪ
5 ನವೆಂಬರ್ 1984

ವೆಂಡೆಲ್,

ನಿನ್ನ ಇಪ್ಪತ್ತಾರರ ಕಾಗದ ಈಗ ಬಂತು. ಗಾಳಿಗೆ ದೋಣಿ ಒಂದು ವಾರ ಆಚೆ ದಡದಲ್ಲೇ ಕೂತಿತ್ತು. ಇದು ನಿನಗೆ ಸಿಗುವ ಹೊತ್ತಿಗೆ ನೀನು ಡೀನ್ ಹತ್ತಿರ ಹೋಗಿ ಬಂದಿರುತ್ತೀಯ ಅಂತ ನಂಬಿದ್ದೇನೆ. ಹೋಗಿಲ್ಲದಿದ್ದರೆ ಇದನ್ನು ಇಲ್ಲಿಗೇ ನಿಲ್ಲಿಸಿ, ಕೋಟು ಹಾಕಿಕೊಂಡು ಹೋಗು. ಮಿಕ್ಕದ್ದನ್ನು ಆಮೇಲೆ ಓದು.

ಯಾಕೆ ನೇರವಾಗಿ ಹೇಳಲಿಲ್ಲ ಅಂತ ಕೇಳಿದ್ದೀಯ. ಆ ಪತ್ರಿಕೆ ಕಳಿಸಿದ್ದು ಇರ್ಮಾ. ನನ್ನ ಲ್ಯಾಬಿನ ಪಕ್ಕದ ಮೆಟ್ಟಿಲಲ್ಲಿ ಕೂತು ಇಬ್ಬರೂ ಎಷ್ಟೋ ವರ್ಷ ಮಧ್ಯಾಹ್ನದ ಊಟ ಮಾಡಿದವರು. 'ನಿನ್ನ ಹುಡುಗ ಏನು ಬರೆದಿದ್ದಾನೆ ನೋಡು' ಅಂತ ಅಂಚಿನಲ್ಲಿ ಬರೆದಿದ್ದಳು. ಅವಳು ನನ್ನ ಗೆಳತಿ ಅಂತ ಹೇಳಿದ್ದರೆ, ಮುದುಕಿ ಗೆಳತಿಯ ಪರ ವಕಾಲತ್ತು ಮಾಡುತ್ತಿದ್ದಾಳೆ ಅಂತ ನೀನು ಅಂದುಕೊಳ್ಳುತ್ತಿದ್ದೆ. ನೀನೇ ತಟ್ಟೆಗಳನ್ನು ನೋಡಿ ತಿಳಿದುಕೊಳ್ಳಲಿ ಅಂತ ಬಿಟ್ಟೆ. ಒಂದೇ ವಾರದಲ್ಲಿ ಉತ್ತರ ಬರುತ್ತದೆ ಅಂತ ನನ್ನ ಲೆಕ್ಕವಿತ್ತು. ಗಾಳಿ ನನ್ನ ಲೆಕ್ಕ ಕೇಳಲಿಲ್ಲ. ಅಷ್ಟು ದಿನ ಅವಳು ಚರ್ಚಿನಲ್ಲಿ ತಲೆ ತಗ್ಗಿಸಿ ಕೂತಳಲ್ಲ, ಅದರಲ್ಲಿ ನನ್ನ ಪಾಲೂ ಇದೆ. ನಿನಗೆ ಪಾಠ ಕಲಿಸುವ ಹಟದಲ್ಲಿ ಅವಳನ್ನು ಕಾಯಿಸಿದೆ. ನಿನ್ನ ಅರ್ಧ ಸಿಟ್ಟನ್ನು ನಾನು ಒಪ್ಪಿಕೊಳ್ಳುತ್ತೇನೆ.

ಆ ಕುಸ್ತಿ ಹುಡುಗ ಕೇಳಿದ ಪ್ರಶ್ನೆಯಿದೆಯಲ್ಲ, ನಾನು ಪಾಠ ಮಾಡಿದಷ್ಟು ವರ್ಷವೂ ಆ ತರಗತಿಯಲ್ಲಿ ಯಾರಾದರೂ ಅದನ್ನು ಕೇಳಲಿ ಅಂತ ಕಾದಿದ್ದೆ. ಒಬ್ಬರೂ ಕೇಳಿರಲಿಲ್ಲ. ನಿನ್ನ ಪಾಠದಲ್ಲಿ ಇವನು ಕೇಳಿದ್ದಾನೆ. ನೀನು ಮೇಷ್ಟರ ಕೆಲಸ ಬಿಡುವ ಯೋಚನೆ ಏನಾದರೂ ಮಾಡಿದ್ದರೆ ಮರ್ಯಾದೆಯಾಗಿ ಆ ಯೋಚನೆ ಬಿಡು.

ನಿನ್ನ,
ಹೆಸ್ಟರ್

*

ಹಾರ್ಲನ್ ಕ್ರೀಕ್
20 ನವೆಂಬರ್ 1984

ಪ್ರಿಯ ಹೆಸ್ಟರ್,

'ಮೇಡಂ' ಬಿಟ್ಟಿದ್ದೇನೆ, ತಪ್ಪನ್ನು ಹಂಚಿಕೊಂಡವರ ನಡುವೆ ಅದೊಂದು ಯಾಕೆ ಅಂತ. ಇರ್ಮಾ ನಿಮಗೆ ಬರೆದಿರಬಹುದು, ಆದರೂ ನನ್ನ ಬಾಯಿಂದ ಕೇಳಿ.

ಈ ಸಲ ಕುಕ್ಕರ್ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಅದು ಬುಸುಗುಟ್ಟಿ, ಒತ್ತಡ ಹಿಡಿದು, ಪೂರ್ತಿ ಹೊತ್ತು ನಿಲ್ಲುವ ತನಕ ಏಳಲಿಲ್ಲ. ತಟ್ಟೆ ಹಂಚುವಾಗ ನಾನು ಬಾಯಿ ತೆರೆಯುವ ಮೊದಲೇ ನಾಟಕದ ಹುಡುಗಿಯೊಬ್ಬಳು "ಮುಟ್ಟದ ತಟ್ಟೆ ಎಲ್ಲಿ ಸಾರ್?" ಅಂದಳು. "ಒಂದು ಸಾಕಾಗಲ್ಲ, ಪ್ರತಿ ಅಂತಸ್ತಿಗೂ ಬೇಕು" ಅಂತ ಇನ್ನೊಬ್ಬ. ಮೇಲಿನದಕ್ಕೊಂದು, ಕೆಳಗಿನದಕ್ಕೊಂದು ಇಟ್ಟೆವು. ಸಂತೆಯಲ್ಲಿ ಚೌಕಾಸಿ ಮಾಡುವವರ ಹಾಗೆ ನನ್ನ ಹತ್ತಿರ ವಾದ ಮಾಡಿದರು. ಇರ್ಮಾ ಕೈಕಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದರು. ಅವರ ಕೌಂಟರನ್ನು ಅವರು ಒರೆಸುವ ಮೊದಲೊಮ್ಮೆ, ಒರೆಸಿದ ಮೇಲೊಮ್ಮೆ, ಅವರ ಕಣ್ಣೆದುರಿಗೇ ಕಡ್ಡಿಯಾಡಿಸಿದೆವು. ನನ್ನ ಬೆರಳುಗಳನ್ನೂ ಒಂದು ತಟ್ಟೆಗೆ ಒತ್ತಿದೆ.

ಪೆಟ್ಟಿಗೆ ತೆಗೆದ ದಿನ ಎಲ್ಲರೂ ಮುಂದಕ್ಕೆ ಬಗ್ಗಿದರು. ಮುಟ್ಟದ ತಟ್ಟೆಗಳಲ್ಲಿ ಏನೂ ಇಲ್ಲ. ಮನಸ್ಸು ಹಗುರಾಯಿತು. ಲೈಬ್ರರಿಯ ಹಿಡಿ, ಇಷ್ಟು ಉಜ್ಜಿದರೂ, ಅಲ್ಲಲ್ಲಿ ಚುಕ್ಕೆ. ನನ್ನ ಬೆರಳಿನ ತಟ್ಟೆಯನ್ನು ಹೇಳಿಕೊಳ್ಳಲು ನಾಚಿಕೆ, ಆದರೂ ಪತ್ರಿಕೆಗೆ ಕೊಟ್ಟಿದ್ದೇನೆ. ಒರೆಸುವ ಮೊದಲಿನ ಕೌಂಟರಿನಲ್ಲಿ ಎರಡೋ ಮೂರೋ ಚುಕ್ಕೆ. ಒರೆಸಿದ ಮೇಲಿನದು ಖಾಲಿ. ಇರ್ಮಾ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಅವರ ಕಣ್ಣು ತುಂಬಿಕೊಂಡಿತು, ನನ್ನದೂ. ಕರ್ಟಿಸ್ ಕಿಟಕಿಯ ಕಡೆ ತಿರುಗಿಕೊಂಡ.

ಇಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಂಡೆ, ಆಗಲಿಲ್ಲ. ಇರ್ಮಾ ಅವರನ್ನು ಗುತ್ತಿಗೆಯವರು ಕೆಲಸಕ್ಕೆ ವಾಪಸ್ ಕರೆದರು. ಹೋದ ಸೋಮವಾರ ಅವರು ಕೌಂಟರಿನ ಹಿಂದೆ ನಿಂತರು. ಮಾಂಸದ ಕಡೆ ಬಾಗಿಲ ತನಕ ಸಾಲು, ಇವರ ಮುಂದೆ ಒಂದು ನರಪಿಳ್ಳೆ ಇಲ್ಲ. ಪತ್ರಿಕೆಯಲ್ಲಿ ಏನೇ ಬರಲಿ, ಮೊದಲು ಓದಿದ್ದರ ರುಚಿ ಬಾಯಿಂದ ಹೋಗುವುದಿಲ್ಲ. ನನ್ನಿಂದ ಆದ ಕೆಡುಕನ್ನು ನನ್ನಿಂದಲೇ ಪೂರ್ತಿ ಸರಿಮಾಡಲಾಗದು ಅಂತ ಅವತ್ತು ತಿಳಿಯಿತು.

ಸರಿಮಾಡಿಕೊಂಡವರು ಅವರೇ. ಮರುದಿನ ಪ್ಯಾಟ್ರಿಸ್ ಹತ್ತಿರ ಒಂದು ಮುಟ್ಟದ ತಟ್ಟೆ, ಒರೆಸಿದ ಮೇಲಿನ ಕೌಂಟರಿನ ತಟ್ಟೆ, ಇವೆರಡರ ದೊಡ್ಡ ಫೋಟೊ ಕೇಳಿ ಪಡೆದರು, ಹೆಸರಿಲ್ಲದೆ, ಪಕ್ಕಪಕ್ಕ. ಅದನ್ನು ಕೌಂಟರಿನ ಗಾಜಿಗೆ ಅಂಟಿಸಿ, ಸೌಟು ಹಿಡಿದುಕೊಂಡು, ಮಾಂಸದ ಸಾಲಿನವರನ್ನೇ ಕೂಗಿದರು.

"ಏ ಮರಿ, ನೀನೇ, ಕೆಂಪು ಟೋಪಿ. ಬಾ ಇಲ್ಲಿ. ಒಂದು ತಟ್ಟೇನ ಯಾರೂ ಮುಟ್ಟಿಲ್ಲ. ಇನ್ನೊಂದು ನನ್ನ ಕೌಂಟರ್‌ದು. ಯಾವ್ದು ನಂದು ಹೇಳು ನೋಡೋಣ."

ಕೆಂಪು ಟೋಪಿಯವನು ಬಂದ, ಬಗ್ಗಿ ನೋಡಿದ, ತಲೆ ಕೆರೆದುಕೊಂಡ, ಎಡಗಡೆಯದು ಅಂದ. ಅವನ ಗೆಳೆಯ ಬಲಗಡೆಯದು ಅಂದ. ಇಬ್ಬರೂ ಜಗಳಕ್ಕೆ ಬಿದ್ದರು. ಜಗಳ ನೋಡಲು ಇನ್ನಷ್ಟು ಜನ ಬಂದರು, ಬಂದವರ ತಟ್ಟೆಗೆಲ್ಲ ಇರ್ಮಾ ಕೇಳದೆಯೇ ಸೊಪ್ಪು ಹಾಕಿದರು. ಈಗ ದಿನವೂ ಅಲ್ಲಿ ವಾದ. ಡೀನ್ ಕೂಡ ಬಂದು, ಕನ್ನಡಕ ಏರಿಸಿ, ಬೆರಳಿಟ್ಟು ತೋರಿಸಿ ತಪ್ಪು ಹೇಳಿದರು. ಇರ್ಮಾ ಅದನ್ನು ಇಡೀ ಹಾಲಿಗೆ ಕೇಳಿಸುವ ಹಾಗೆ ಸಾರಿದರು.

ನನ್ನ ವಿಷಯ: ಖಾಯಂ ಆಗಿಲ್ಲ, ಆಗುವುದೂ ಇಲ್ಲ. ಇಂಡಿಯಾನಾದ ಎರಡು ಕಾಲೇಜುಗಳಿಗೆ ಅರ್ಜಿ ಹಾಕಿದ್ದೇನೆ, ಪತ್ರಿಕೆಯ ಎರಡೂ ಸಂಚಿಕೆಗಳನ್ನು ಜೊತೆಗಿಟ್ಟು. ಎಲ್ಲಿ ಸಿಕ್ಕರೂ ಈ 'ನೂರು' ತರಗತಿಯನ್ನೇ ಕೇಳಿ ತೆಗೆದುಕೊಳ್ಳುತ್ತೇನೆ. ಮೇಷ್ಟರಾಗಿ ನಾನು ಈಗ ಚೆನ್ನಾಗಿದ್ದೇನೆ ಹೆಸ್ಟರ್, ಇದನ್ನು ಜಂಬಕ್ಕೆ ಹೇಳುತ್ತಿಲ್ಲ.

ಇಷ್ಟು ದಿನ ಆ ಕೌಂಟರಿಗೆ ಹೋಗಲು ನನಗೆ ಮುಖವಿರಲಿಲ್ಲ. ಇವತ್ತು ಹೋದೆ. ಟ್ರೇ ಹಿಡಿದು ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಹಿಂದಿನವರೆಲ್ಲ ಕತ್ತು ಚಾಚಿದರು. ಇರ್ಮಾ ಸೌಟಿನಿಂದ ಫೋಟೊ ತೋರಿಸಿದರು.

"ನೀವು ಹೇಳಿ ಸಾರ್. ಯಾವುದು ನಂದು?"

ನಾನು ನೋಡಿದೆ. ಎರಡೂ ತಟ್ಟೆಗಳನ್ನು ನನ್ನ ಕೈಯಾರೆ ಹುಯ್ದು, ಕೈಯಾರೆ ಪೆಟ್ಟಿಗೆಯಲ್ಲಿಟ್ಟು, ಕೈಯಾರೆ ತೆಗೆದವನು ನಾನು. ಆದರೂ ಆ ಫೋಟೊದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸ ಕಾಣಲಿಲ್ಲ.

"ನನಗೆ ಗೊತ್ತಾಗ್ತಿಲ್ಲ" ಅಂದೆ.

"ಅವತ್ತೇ ಇಷ್ಟು ಹೇಳಿದ್ದಿದ್ರೆ ಆಗ್ತಿತ್ತಲ್ಲ" ಅಂದರು ಇರ್ಮಾ, ನನ್ನ ತಟ್ಟೆ ತುಂಬ ಬಡಿಸಿ, ಮುಂದಿನವರನ್ನು ಕರೆದರು.

ನಿಮ್ಮ,
ವೆಂಡೆಲ್